ಗಂಡು ಬಳ್ಳಿಯ ಮಳೆಗಾಲ

ಕಳೆದ ಶ್ರಾವಣದಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆಂದು ಕೆಂಪಾಪುರಕ್ಕೆ ಹೋಗಿದ್ದೆ. ಮನೆ ಎಂದರೆ ಮೇಲಿನ ಮಹಡಿಯಲ್ಲಿ ಒಂದೆರಡು ಕೋಣೆ, ಬಟ್ಟೆ ಒಣಗಿಸುವಷ್ಟು ಬಾಲ್ಕನಿ. ಆ ಕಟ್ಟಡ ನಿಂತಿರುವ ನೆಲ ಒಂದು ಕಾಲಕ್ಕೆ ನನ್ನ ಗಂಡನ ಮನೆಯವರ ಹೊಲ. ಊಟ ಮುಗಿಸಿ, ಸಂಜೆ ಆಟೋಗೆ ಕಾಯುತ್ತಾ ಗೇಟಿನ ಬಳಿ ನಿಂತಿದ್ದಾಗ ಮೂಗಿಗೆ ಆ ವಾಸನೆ ಬಡಿಯಿತು. ಮಲ್ಲಿಗೆಯಂಥ ಸಭ್ಯ ವಾಸನೆಯಲ್ಲ ಅದು. ಹಸಿ ಎಲೆ ಕಿವುಚಿ, ಅದಕ್ಕೆ ಒಂಚೂರು ಕಸ್ತೂರಿ ಬೆರೆಸಿದ ಹಾಗಿರುತ್ತದೆ. ಒಮ್ಮೆ ಮೂಗಿಗೆ ಹತ್ತಿದರೆ ಆಯಸ್ಸಿಡೀ ಬಿಡುವುದಿಲ್ಲ. ತಿರುಗಿ ನೋಡಿದರೆ, ಕಾಂಪೌಂಡ್ ಗೋಡೆಯ ಮೂಲೆಯಲ್ಲಿ ಸೆಕ್ಯುರಿಟಿಯವನು ಒಂದು ಮಾಡಹಾಗಲದ ಬಳ್ಳಿಯನ್ನು ಎಳೆದೆಳೆದು ಸುತ್ತುತ್ತಿದ್ದ. ತಿಳಿಹಳದಿ ಹೂವುಗಳು ಅವನ ಬೂಟಿನ ಕೆಳಗಿದ್ದವು.

“ಅದನ್ನ್ಯಾಕಪ್ಪ ಕೀಳ್ತಿದ್ದೀಯ?”

“ನಾನು ಸೇರ್ದಾಗಿಂದ ನೋಡ್ತಿದೀನಿ ಅಜ್ಜಿ, ಬರೀ ಹೂವು. ಒಂದ್ ಕಾಯಿ ಬಿಟ್ಟಿಲ್ಲ. ವೇಸ್ಟು.”

“ಬಿಡೋ ಅದನ್ನ. ಅದು ಗಂಡು ಬಳ್ಳಿ.”

ಅವನು ನಕ್ಕ. “ಬಳ್ಳೀಲಿ ಗಂಡು ಹೆಣ್ಣು ಎಲ್ಲಿಂದ ಬಂತಜ್ಜಿ?”

ಅಷ್ಟರಲ್ಲಿ ಆಟೋ ಬಂತು. ಹೆಬ್ಬಾಳದ ಮೇಲ್ಸೇತುವೆ ಏರುವಾಗಲೂ ನನಗೆ ಅದೇ ಯೋಚನೆ. ಅವನಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಉಳಿದ ಕನ್ನಡವನ್ನೆಲ್ಲ ಯಲಹಂಕದ ನನ್ನ ಬೀಜದ ಅಂಗಡಿಯಲ್ಲಿ ಕೂತು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಲಿತವಳು. ಹಾಗಾಗಿ ನಡುನಡುವೆ ಒಂದಿಷ್ಟು ಬುದ್ಧಿಮಾತು ನುಸುಳುತ್ತದೆ. ಅಂಗಡಿಯವರ ಅಭ್ಯಾಸ, ಸಹಿಸಿಕೊಳ್ಳಿ.

ನಯಾಪೈಸೆ ಹೊಸದಾಗಿ ಬಂದು, ಸಂತೆಯಲ್ಲಿ ಎಲ್ಲರೂ ಹಳೆಯ ಆಣೆಗೂ ಅದಕ್ಕೂ ಹೊಂದಿಸಲಾಗದೆ ಜಗಳವಾಡುತ್ತಿದ್ದ ಕಾಲ ಅದು. ಕೆಂಪಾಪುರ ಆಗ ಹಳ್ಳಿ. ಹೆಬ್ಬಾಳದ ಕೆರೆ ಕೋಡಿ ಬಿದ್ದರೆ ನಮ್ಮ ಹೊಲದ ಬದುವಿನಲ್ಲಿ ನಿಂತವರಿಗೆ ಸದ್ದು ಕೇಳುತ್ತಿತ್ತು. ಮನೆಯಲ್ಲಿ ಅತ್ತೆ, ನನ್ನ ಗಂಡ, ಅವರ ಅಣ್ಣ. ಅಣ್ಣನ ಹೆಂಡತಿ ತೀರಿಕೊಂಡಿದ್ದಳು, ಒಬ್ಬಳೇ ಮಗಳನ್ನು ದೇವನಹಳ್ಳಿ ಕಡೆ ಕೊಟ್ಟಿತ್ತು. ನನಗೆ ಭಾವನಾದ ಆತನದೇ ಯಜಮಾನಿಕೆ. ನನ್ನ ಗಂಡನ ಹೆಸರು ಚನ್ನಪ್ಪ. ಗಂಡನ ಹೆಸರು ಹೇಳಬಾರದು ಎನ್ನುತ್ತಿದ್ದರು, ಬರೆಯಬಾರದು ಎಂದು ಯಾರೂ ಹೇಳಿಲ್ಲ.

ಇನ್ನೊಂದು ಕಟ್ಟಳೆಯನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಲ್ಲುವ ಹಾಗಿರಲಿಲ್ಲ. ಭಾವ ಜಗುಲಿಯ ಮೇಲಿದ್ದರೆ ನಾನು ಹೊಸ್ತಿಲ ಒಳಗೆ, ಬಾಗಿಲ ಮರೆಯಲ್ಲಿ. ಆತ ನನ್ನ ಹೆಸರು ಹಿಡಿದು ಕರೆಯುವಂತಿಲ್ಲ, ನಾನು ಆತನಿಗೆ ನೇರ ಉತ್ತರ ಕೊಡುವಂತಿಲ್ಲ. ನಡುವೆ ಅತ್ತೆ ಕೂತು ಆ ಕಡೆಯ ಮಾತನ್ನು ಈ ಕಡೆಗೆ ದಾಟಿಸುತ್ತಿದ್ದರು. ಇಬ್ಬರಿಗೂ ಎಲ್ಲವೂ ಕೇಳಿಸುತ್ತಿತ್ತು. ಆದರೂ ಅತ್ತೆ ದಾಟಿಸಲೇಬೇಕು.

ನಾನು ಮದುವೆಯಾಗಿ ಅಬ್ಬಿಗೆರೆಯಿಂದ ಬರುವಾಗ ಅವ್ವ ನನ್ನ ಸೆರಗಿನಲ್ಲಿ ಮಾಡಹಾಗಲದ ಗೆಡ್ಡೆಗಳನ್ನು ಕಟ್ಟಿಕೊಟ್ಟಿದ್ದಳು. ಹಾಗಲದ ಜಾತಿಯದೇ ಕಾಯಿ. ಮೊಟ್ಟೆಯಷ್ಟೇ ಗಾತ್ರ, ಮೈಯೆಲ್ಲ ಮೆತ್ತನೆಯ ಮುಳ್ಳು, ಕಹಿ ಇಲ್ಲ. ಮಳೆ ಬಿದ್ದರೆ ಗೆಡ್ಡೆ ಚಿಗುರುತ್ತದೆ, ಚಳಿಗಾಲಕ್ಕೆ ಬಳ್ಳಿ ಒಣಗುತ್ತದೆ, ಗೆಡ್ಡೆ ಮಾತ್ರ ನೆಲದಲ್ಲಿ ಮಲಗಿರುತ್ತದೆ. ಅಬ್ಬಿಗೆರೆಯಲ್ಲಿ ಅದು ಬೇಲಿಯ ಮೇಲೆ ತಾನಾಗಿ ಹಬ್ಬುತ್ತಿತ್ತು. ಯಾರೂ ನೆಡುತ್ತಿರಲಿಲ್ಲ, ಯಾರೂ ಕೀಳುತ್ತಿರಲಿಲ್ಲ. ನಾನು ಕೆಂಪಾಪುರದ ಬದುವಿನ ಮೇಲೆ ಸಾಲಾಗಿ ನೆಟ್ಟು ಚಪ್ಪರ ಹಾಕಿದೆ. ಮೊದಲ ಮಳೆಗಾಲಗಳಲ್ಲಿ ಕಾಯಿ ಜೋರಾಗಿಯೇ ಬಂತು.

ತೊಂದರೆ ಶುರುವಾದದ್ದು ಭಾವನ ಅಚ್ಚುಕಟ್ಟುತನದಿಂದ. ಅವರು ಹೊಲದಲ್ಲಿ ಒಂದು ಕಸಕಡ್ಡಿ ಉಳಿಸುತ್ತಿರಲಿಲ್ಲ. ಸಾಲಿನಲ್ಲಿ ಕೆಲವು ಬಳ್ಳಿಗಳು ಮೈತುಂಬ ಹೂ ಬಿಟ್ಟು ಒಂದೂ ಕಾಯಿ ಕೊಡದಿರುವುದನ್ನು ಕಂಡರು. “ಬಂಜೆ ಬಳ್ಳಿ, ಗೊಬ್ರ ತಿನ್ನೋಕೆ ಉಟ್ಟಿರೋವು” ಎಂದು ಗೆಡ್ಡೆ ಸಮೇತ ಅಗೆದು ತಿಪ್ಪೆಗೆ ಎಸೆದರು. ಮಾರನೆಯ ವರ್ಷ ಉಳಿದ ಬಳ್ಳಿಗಳಲ್ಲಿ ಹೂ ಬಂತು. ಹೂವಿನಡಿಯ ಹೀಚು ಹಳದಿಯಾಗಿ ಉದುರಿತು. ಅದರ ಮಾರನೆಯ ವರ್ಷವೂ ಹಾಗೇ ಆಯಿತು. ಅಷ್ಟು ಹೊತ್ತಿಗೆ ನನ್ನ ಮದುವೆಯಾಗಿ ಬಹಳ ಕಾಲವಾಗಿತ್ತು, ಮಡಿಲು ತುಂಬಿರಲಿಲ್ಲ. ಊರಿನ ಬಾಯಲ್ಲಿ ಎರಡೂ ಒಂದಾದವು. ಬಳ್ಳಿ ಕಾಯಿ ಕಚ್ಚದಿರುವುದಕ್ಕೆ ನನ್ನ ಕೈಗುಣ ಕಾರಣ. ನನ್ನ ಕೈಗುಣಕ್ಕೆ ಸಾಕ್ಷಿ ಬೇಕೆಂದರೆ ಬಳ್ಳಿಯನ್ನೇ ನೋಡಿ!

ಆ ವರ್ಷ ಮುಂಗಾರು ಹಿಡಿಯುವ ಮೊದಲು, ಮೋಡ ಕಟ್ಟಿ ಸೆಕೆಯಾಗಿದ್ದ ಒಂದು ಮಧ್ಯಾಹ್ನ, ಜಗುಲಿಯಿಂದ ಭಾವನ ದನಿ ಬಂತು.

“ಅಮ್ಮಾ, ಒಳಗಿರೋಳ್ಗೆ ಏಳು. ಅಬ್ಬಿಗೆರೇಲಿ ಮಾತಾಡ್ಕೊಂಡ್ ಬಂದಿದೀನಿ. ಅವಳ ತಂಗಿ ರತ್ನನ್ನ ನಮ್ ಚನ್ನಂಗೆ ತರೋಣ. ಅಕ್ಕತಂಗೀರು ಒಟ್ಗೆ ಬಾಳ್ಕೊಂಡಿರ್ಲಿ. ಆಗಲ್ಲ ಅಂದ್ರೆ ಇವಳು ತವರ್ಗೆ ಓಗ್ಲಿ.”

“ಕೇಳುಸ್ಕಂಡ್ಯೇನೆ?” ಎಂದರು ಅತ್ತೆ.

ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ. ರತ್ನ ಇನ್ನೂ ಲಂಗ ಹಾಕುವ ಹುಡುಗಿ. “ಇಬ್ರನ್ನ ಮದ್ವೆ ಆಗೋದು ಈಗ ಕಾನೂನಿಗೆ ಒಪ್ಪಲ್ವಂತೆ ಅತ್ತೆ. ಸಂತೇಲಿ ಆಡ್ಕೋತಿದ್ರು.”

ಅತ್ತೆ ದಾಟಿಸುವ ಮೊದಲೇ ಭಾವ ನಕ್ಕರು. “ಕೆಂಪಾಪುರ್ಕೆ ಇನ್ನೂ ಬಸ್ಸೇ ಬಂದಿಲ್ಲ, ಕಾನೂನು ಎಲ್ಲಿಂದ ಬತ್ತದೆ?”

ಚನ್ನಪ್ಪ ಕಂಬಕ್ಕೆ ಒರಗಿ ಹಗ್ಗ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ. ಅಣ್ಣನೆದುರು ಅವರು ಯಾವತ್ತೂ ತಲೆ ಎತ್ತಿದವರಲ್ಲ. ಆ ಮೌನಕ್ಕೆ ನಾನು ಮನಸ್ಸಿನಲ್ಲೇ ಕೊಟ್ಟ ಬೈಗುಳಗಳು ಅಚ್ಚಿಗೆ ಹೋಗುವಂಥವಲ್ಲ.

ಅಳಬಹುದಿತ್ತು. ಆದರೆ ಸಂತೆಯಲ್ಲಿ ಕೂತವಳಿಗೆ ಗೊತ್ತಿರುತ್ತದೆ, ಕಣ್ಣೀರಿಗೆ ಯಾರೂ ಬೆಲೆ ಕಟ್ಟುವುದಿಲ್ಲ. ನನ್ನ ಮಾತು ನೆನಪಿಟ್ಟುಕೊಳ್ಳಿ: ನಿಮ್ಮ ಕೈಯಲ್ಲಿ ಸರಕು ಇಲ್ಲದಾಗ ಸಮಯವನ್ನು ಕೊಂಡುಕೊಳ್ಳಬೇಕು. ಎದುರಿನವನು ಯಾವುದನ್ನು ಹಿಡಿದು ಜಗ್ಗುತ್ತಿದ್ದಾನೋ ಅದನ್ನು ಬಿಟ್ಟು, ಅವನಿಗೆ ಅಗ್ಗವೆನಿಸುವ ಬೇರೊಂದನ್ನು ಮುಂದಿಡಬೇಕು.

“ಅತ್ತೆ, ಭಾವಂಗೆ ಏಳಿ. ಬಳ್ಳಿ ಕಾಯಿ ಬಿಡ್ದಿದ್ದೂ ನನ್ ಕೈಯಿಂದ್ಲೇ ಅಂತಾರಲ್ಲ. ಈ ಮಳೆಗಾಲ ಆ ಬದು ನನ್ಗೆ ಬಿಡ್ಲಿ. ಬೇರೆ ಯಾರೂ ಕಾಲಿಡ್ಬಾರ್ದು, ಒಂದ್ ಎಲೆ ಕೀಳ್ಬಾರ್ದು. ದಸರಾ ಒತ್ಗೆ ಬಳ್ಳಿ ಕಾಯಿ ಕಚ್ಚಿದ್ರೆ ನನ್ ತಂಗಿ ಮಾತು ಎತ್ಬಾರ್ದು. ಕಚ್ಚದಿದ್ರೆ ನಾನೇ ಗಂಟು ಕಟ್ಕೊಂಡು ಓಗ್ತೀನಿ, ಯಾರೂ ಓಡ್ಸೋದ್ ಬ್ಯಾಡ.”

ಎರಡು ವರ್ಷ ಕಚ್ಚದ ಬಳ್ಳಿ ಈಗ ಕಚ್ಚುವುದೇ? ಭಾವನಿಗೆ ಅದು ಗೆದ್ದ ವ್ಯಾಪಾರ. “ಆಗ್ಲಿ ಅನ್ನು” ಎಂದರು. ಅತ್ತೆ ನನ್ನತ್ತ ತಿರುಗಿ, “ಆಗ್ಲಿ ಅಂತೆ” ಎಂದರು.

ಆ ಸಲ ಮಳೆ ಯಾವ ಮುನಿಸೂ ಇಲ್ಲದೆ ಬಂತು. ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಮೋಡ, ಸಂಜೆ ನಾಲ್ಕು ಹನಿ. ಗೆಡ್ಡೆಗಳು ಚಿಗುರಿ ಚಪ್ಪರ ಹತ್ತಿದವು. ಬುಡಕ್ಕೆ ಬೂದಿ ಹಾಕಿದೆ, ಹಟ್ಟಿಗೊಬ್ಬರ ಹಾಕಿದೆ, ಹುಳ ಆರಿಸಿದೆ. ಯಲ್ಲಮ್ಮನಿಗೆ ಹರಕೆಯನ್ನೂ ಹೊತ್ತೆ, ಸುಳ್ಳು ಯಾಕೆ ಹೇಳಲಿ. ಆಷಾಢದ ಗಾಳಿಯಲ್ಲಿ ಮೊಗ್ಗು ಬಂತು. ಪ್ರತಿ ಮೊಗ್ಗಿನ ಕೆಳಗೂ ಮುಳ್ಳುಮುಳ್ಳಾದ ಕಾಯಿಯ ಮರಿ. ಹಿಗ್ಗಿಹೋದೆ. ಕೆಲವೇ ದಿನದಲ್ಲಿ ಅವೆಲ್ಲ ಹಳದಿಯಾಗಿ, ಮುಟ್ಟಿದರೆ ಉದುರತೊಡಗಿದವು. ಬೆಳಗಾದರೆ ಚಪ್ಪರದ ಕೆಳಗೆ ಹಳದಿ ಚುಕ್ಕಿ ಚೆಲ್ಲಿದಂತೆ ಬಿದ್ದಿರುತ್ತಿದ್ದವು. ಭಾವ ದೂರದಿಂದ ನೋಡಿ, ಕೆಮ್ಮಿ, ಮುಂದೆ ಹೋಗುತ್ತಿದ್ದರು. ಅವರ ಕೆಮ್ಮಿಗೆ ಅತ್ತೆಯ ಅನುವಾದ ಬೇಕಿರಲಿಲ್ಲ.

ಆಗ ನಾನು ಮಂಕರಿ ಹೊತ್ತು ಗಂಗಾನಗರದ ಕಡೆ ತರಕಾರಿ ಮಾರಲು ಹೋಗುತ್ತಿದ್ದೆ. ಅಲ್ಲೊಬ್ಬರು ಗಿರಾಕಿ, ಲಲಿತಾಬಾಯಿ ಅಂತ. ನಗರದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಗಿಡಮರದ ಪಾಠ ಹೇಳುವವರು. ನಾವೆಲ್ಲ ಕಾಲೇಜಮ್ಮ ಎನ್ನುತ್ತಿದ್ದೆವು. ಚೌಕಾಸಿ ಮಾಡದ ಗಿರಾಕಿ. ಅಂಥವರ ಮೇಲೆ ನನಗೆ ಗೌರವ ಕಡಿಮೆ, ಆದರೆ ಈಕೆ ಚೌಕಾಸಿಯ ಬದಲು ಮಂಕರಿಯನ್ನೇ ತಲೆಕೆಳಗು ಮಾಡುತ್ತಿದ್ದರು. ಜಗುಲಿಯ ಮೇಲೆ ಕಾಯಿಗಳನ್ನೆಲ್ಲ ಸುರಿದು, ಸೋರೆಯ ಪಕ್ಕ ಕುಂಬಳ, ಕುಂಬಳದ ಪಕ್ಕ ಪಡವಲ ಎಂದು ಪಂಕ್ತಿ ಹಾಕುತ್ತಿದ್ದರು.

“ನಿಮ್ಮ ಮಂಕರೀಲಿ ಅರ್ಧ ಜನ ಒಂದೇ ಮನೆಯೋರು ಕಣ್ರೀ ಲಕ್ಷ್ಮಮ್ಮ” ಎನ್ನುತ್ತಿದ್ದರು. ಸೋರೆ, ಕುಂಬಳ, ಬೂದುಗುಂಬಳ, ಹೀರೆ, ತುಪ್ಪದಹೀರೆ, ಪಡವಲ, ಹಾಗಲ, ಸೌತೆ, ತೊಂಡೆ, ಕರ್ಬೂಜ, ಕಲ್ಲಂಗಡಿ ಎಲ್ಲ ಒಂದೇ ಕುಟುಂಬವಂತೆ. ಹೀಚು ಉದುರುತ್ತಿದ್ದ ಆ ದಿನಗಳಲ್ಲೊಮ್ಮೆ ಸೀಮೆಬದನೆಕಾಯಿಯನ್ನೂ ಎತ್ತಿ ಅದೇ ಪಂಕ್ತಿಯಲ್ಲಿಟ್ಟರು. ನಾನು ಜಗಳಕ್ಕೇ ಬಿದ್ದೆ.

“ಅದು ಬದನೆ ಅಲ್ವ್ರಾ?”

“ಹೆಸರಷ್ಟೇ ಬದನೆ. ಯಾರೋ ಇಟ್ಟ ಹೆಸರು ನಂಬ್ಕೊಂಡ್ರೆ ಹೆಂಗೆ? ಬಳ್ಳಿ ನೋಡಿ, ಹಿಡ್ಕೊಳ್ಳೋ ಕುಡಿ ನೋಡಿ. ಹೂವಿನ ಕೆಳಗೆ ಕಾಯಿ ಕೂತಿರೋದು ನೋಡಿ.”

ಅದು ಅವರ ಗುರುತು. ಮಾವಿನಲ್ಲಿ, ಬದನೆಯಲ್ಲಿ ಹೂವಿನ ಎಸಳುಗಳ ಒಳಗೆ ಕಾಯಿ ಹುಟ್ಟುತ್ತದೆ. ಈ ಬಳಗದಲ್ಲಿ ಎಸಳಿನ ಕೆಳಗೆ ಹುಟ್ಟುತ್ತದೆ, ಹೂವನ್ನು ತಲೆಯ ಮೇಲೆ ಹೊತ್ತುಕೊಂಡು. ಸೌತೆ ಕುಂಬಳ ಬೆಳಿಗ್ಗೆ ಹಳದಿ ಅರಳುತ್ತವೆ. ಸೋರೆ ಪಡವಲ ಹೊತ್ತು ಮುಳುಗುವಾಗ ಬಿಳಿ ಅರಳುತ್ತವೆ. ಹೀರೆ ಹಳದಿಯಾದರೂ ಸಂಜೆಯದು. ಇದೆಲ್ಲ ನಾನು ದಿನಾ ಕಂಡದ್ದೇ, ಆದರೆ ಹೀಗೆ ಒಂದು ಕಡೆ ಕೂರಿಸಿ ನೋಡಿರಲಿಲ್ಲ.

ಕುಟುಂಬಗಳು ಸೇರಿದರೆ ಒಂದು ಗಣವಂತೆ. ನಮ್ಮಲ್ಲಿ ಮನೆತನಗಳೆಲ್ಲ ಸೇರಿ ಒಂದು ಬೆಡಗು ಎನ್ನುವುದಿಲ್ಲವೆ, ಹಾಗೆ ಎಂದುಕೊಂಡೆ. ಅವರ ಜಗುಲಿಯ ಕುಂಡಗಳಲ್ಲಿ ಬಿಗೋನಿಯಾ ಇತ್ತು, ಓರೆ ಎಲೆಯ ಮೆದು ಗಿಡ, ಗುಲಾಬಿ ಬಣ್ಣದ ಹೂ. ಅದೂ ಸೋರೆಯ ಗಣಕ್ಕೇ ಸೇರಿದ್ದೆಂದು ಪುಸ್ತಕ ಹೇಳುತ್ತದಂತೆ. “ಇದು ಪ್ಯಾಟೆ ಸೊಸೆ, ಸೋರೆ ಹಳ್ಳಿ ಸೊಸೆ” ಎಂದು ನಾನು ನಕ್ಕರೆ, ಅವರು ಬಿಗೋನಿಯಾದ ಹೂವೊಂದನ್ನು ಮಗುಚಿ ತೋರಿಸಿದರು. ಕೆಳಗೆ ರೆಕ್ಕೆಯಿರುವ ಹಸಿರು ಕಾಯಿ, ತಲೆಯ ಮೇಲೆ ಹೂವು! ಅದರ ಪಕ್ಕದ ಹೂವಿಗೆ ಆ ಕಾಯಿಯೇ ಇಲ್ಲ. ಘಟ್ಟದ ಕಾಡಿನಲ್ಲಿ ಬುಡಕ್ಕೆ ಗೋಡೆಯಂಥ ಬೇರು ಬಿಡುವ ಒಂದು ಹೆಮ್ಮರವನ್ನೂ ಇವರ ನೆಂಟನೆಂದು ಹೇಳುತ್ತಾರಂತೆ. ಅದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆಬೇರೆಯಂತೆ. ನಾನು ಆ ಮಾತನ್ನು ಕಥೆಯೆಂದು ಕೇಳಿ ಅಲ್ಲೇ ಬಿಟ್ಟೆ. ಬಿಡಬಾರದಿತ್ತು.

“ಎಲ್ಲ ಪುಸ್ತಕಾನೂ ಹಿಂಗೇ ಹೇಳ್ತದಾ?” ಎಂದು ಕೇಳಿದೆ. ಮಾಲು ಕೊಳ್ಳುವ ಮುಂಚೆ ಇನ್ನೊಂದು ಅಂಗಡಿಯಲ್ಲಿ ವಿಚಾರಿಸಬೇಕಲ್ಲ.

“ಇಲ್ಲ. ಒಂದೊಂದು ಪುಸ್ತಕ ಒಂದೊಂದು ಥರ. ಇವತ್ತು ನೆಂಟರು ಅಂದೋರನ್ನ ನಾಳೆ ಬೇರೆ ಮನೆಗೆ ಕಳಿಸ್ತಾರೆ. ಹೊಸದಾಗಿ ಏನಾದ್ರೂ ಕಂಡ್ರೆ ತಿದ್ಕೋತಾರೆ.”

ತಿದ್ದಿಕೊಳ್ಳುತ್ತಾರೆ ಎಂಬ ಮಾತು ನನಗೆ ಹಿಡಿಸಿತು. ಈಗ ಗಿಡಮರದ ವಿದ್ಯೆ ಓದುತ್ತಿರುವ ನನ್ನ ತಂಗಿಯ ಮೊಮ್ಮಗಳು ಹೇಳುತ್ತಾಳೆ, ಆ ಕಾಲದಲ್ಲಿ ಇದೇ ಗಣದಲ್ಲಿಟ್ಟಿದ್ದ ಕೃಷ್ಣಕಮಲದ ಬಳ್ಳಿಯನ್ನು ಈಗ ಹೊರಗೆ ಕಳಿಸಿದ್ದಾರಂತೆ, ಬಿಗೋನಿಯಾ ಉಳಿದುಕೊಂಡಿದೆಯಂತೆ. ಅಷ್ಟು ದೊಡ್ಡ ವಿದ್ವಾಂಸರೇ ತಿದ್ದಿಕೊಳ್ಳುವಾಗ ಕೆಂಪಾಪುರಕ್ಕೇನು ಕೋಡು ಮೂಡಿತ್ತೆ?

ಆದರೆ ಆ ದಿನ ನಾನು ಮಂಕರಿಯ ಜೊತೆ ಒಂದು ಎಲೆಯಲ್ಲಿ ಉದುರಿದ ಹೀಚುಗಳನ್ನೂ ಕಟ್ಟಿಕೊಂಡು ಹೋಗಿದ್ದೆ. ಹಿಂದಿನ ಸಂಜೆ ಅರಳಿದ್ದ, ಬಾಡಿದ ಹೂವು ಅವುಗಳ ತಲೆಯ ಮೇಲೆ ಹಾಗೇ ಇತ್ತು. ಕಾಲೇಜಮ್ಮ ಒಂದೊಂದನ್ನೇ ತಿರುಗಿಸಿ ನೋಡಿದರು.

“ಇವೆಲ್ಲ ಹೆಣ್ಣು. ಗಂಡು ಹೂವೆಲ್ಲಿ?”

“ಬಳ್ಳೀಲಿ ಇರೋವೆಲ್ಲ ಇಂಥವೇ ಅಮ್ಮಾವ್ರೆ.”

“ಎಲ್ಲ ಬಳ್ಳೀಲೂ?”

“ಎಲ್ಲಾದ್ರಲ್ಲೂ.”

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಸೋರೇಲಿ, ಕುಂಬಳದಲ್ಲಿ ಒಂದೇ ಬಳ್ಳಿ ಮೇಲೆ ಗಂಡು ಹೂವೂ ಇರುತ್ತೆ, ಹೆಣ್ಣು ಹೂವೂ ಇರುತ್ತೆ. ಇದು ಹಂಗಲ್ಲ. ತೊಂಡೆ ಥರ, ಆಗಲೇ ಹೇಳಿದ್ನಲ್ಲ ಆ ಮರದ ಥರ. ಗಂಡು ಬಳ್ಳಿನೇ ಬೇರೆ, ಹೆಣ್ಣು ಬಳ್ಳಿನೇ ಬೇರೆ. ಗಂಡು ಬಳ್ಳಿ ಬರೀ ಹೂ ಬಿಡುತ್ತೆ, ಕಾಯಿ ಬಿಡಲ್ಲ. ಅದರ ಹುಡಿ ಬಿದ್ರೇನೇ ಇದು ಕಾಯಾಗೋದು. ನಿಮ್ಮ ಬದೂಲಿ ಬರೀ ಹೂ ಬಿಡೋ ಬಳ್ಳಿ ಇರ್ಲೇ ಇಲ್ವಾ?”

ನನಗೆ ನಗು ಬಂತು. ಜಗುಲಿಯ ಮೇಲೆ, ಸೋರೆ ಕುಂಬಳಗಳ ನಡುವೆ ಕೂತು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಬಂಜೆ ಬಂಜೆ ಎಂದು ಭಾವ ಅಗೆದು ಎಸೆದದ್ದೆಲ್ಲ ಗಂಡುಗಳು! ವಿಷಯ ಹೇಳಿದಾಗ ಕಾಲೇಜಮ್ಮನೂ ಬಾಯಿಗೆ ಸೆರಗು ಒತ್ತಿಕೊಂಡರು.

ಹೊರಡುವಾಗ ಅವರು ಒಂದು ಎಚ್ಚರಿಕೆ ಹೇಳಿದರು. ನಿಮಗೂ ಹೇಳಿಬಿಡುತ್ತೇನೆ, ಉಪಯೋಗಕ್ಕೆ ಬರುತ್ತದೆ. ಈ ಕುಟುಂಬದ ಹುಟ್ಟುಗುಣವೇ ಕಹಿ. ತಿನ್ನಲು ಬಂದವರ ಮೇಲೆ ಆಯುಧ ಅದು. ಮನುಷ್ಯ ಆರಿಸಿ ಆರಿಸಿ ಬೆಳೆದು ಸೋರೆ, ಸೌತೆಗಳಿಂದ ಆ ಕಹಿಯನ್ನು ಬಿಡಿಸಿದ್ದಾನೆ, ಪೂರ್ತಿ ಹೋಗಿಲ್ಲ. ಯಾವಾಗಲೋ ಒಂದು ಕಾಯಿಯಲ್ಲಿ ಮರಳಿ ಬರುತ್ತದೆ. ಸೋರೆ ಹೆಚ್ಚುವ ಮುನ್ನ ಒಂದು ಚೂರು ನಾಲಿಗೆಗೆ ಇಟ್ಟು ನೋಡಿ. ಕಹಿಯಾಗಿದ್ದರೆ ಉಗುಳಿ, ಕಾಯನ್ನು ಎಸೆಯಿರಿ. ಕೊಟ್ಟ ಕಾಸಿನ ಆಸೆಗೆ ಅಡುಗೆ ಮಾಡಬೇಡಿ, ವಿಷವಾಗುತ್ತದೆ. ಹಾಗಲವೊಂದು ಮಾತ್ರ ತನ್ನ ಕಹಿಯನ್ನು ಮುಚ್ಚಿಡದೆ ಬದುಕುತ್ತದೆ. ನನಗೆ ಅವತ್ತು ಹಾಗಲದ ಮೇಲೆ ಪ್ರೀತಿ ಉಕ್ಕಿತು.

ಗಂಗಾನಗರದಿಂದ ಕೆಂಪಾಪುರದವರೆಗೆ ಓಡುನಡಿಗೆಯಲ್ಲೇ ಬಂದೆ. ನೇರ ತಿಪ್ಪೆಯ ಹತ್ತಿರ ಹೋದೆ. ತಿಪ್ಪೆಯ ಹಿಂದೆ ಕಳ್ಳಿಯ ಬೇಲಿ. ಎಸೆದ ಗೆಡ್ಡೆಗಳಲ್ಲಿ ಒಂದು, ಯಾರ ಆರೈಕೆಯೂ ಇಲ್ಲದೆ, ಆ ಗೊಬ್ಬರವನ್ನೇ ಉಂಡು ಬೇಲಿಯ ತುದಿವರೆಗೆ ಹಬ್ಬಿತ್ತು. ಮುಳುಗುವ ಬಿಸಿಲಿನಲ್ಲಿ ಅದರ ಮೊಗ್ಗುಗಳು ಬಿಚ್ಚುತ್ತಿದ್ದವು. ಒಂದರ ಕೆಳಗೂ ಕಾಯಿಯ ಮರಿ ಇಲ್ಲ, ಅದರ ಬದಲು ಟೋಪಿಯಂಥ ಪುಟ್ಟ ಎಲೆ. ಆ ಕಸ್ತೂರಿ ವಾಸನೆ ತಿಪ್ಪೆಯ ನಾತವನ್ನೂ ಮೀರಿ ಮೂಗಿಗೆ ಹೊಡೆಯಿತು.

ಮರುದಿನದಿಂದ ಸಂಜೆಯಾದರೆ ನನ್ನ ಕೆಲಸ ಅದೇ. ಗಂಡು ಹೂಗಳನ್ನು ಬಿಡಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಬದುವಿಗೆ ಒಯ್ಯುವುದು. ಎಸಳು ಹಿಂದಕ್ಕೆ ಮಡಚಿ, ಅರಳಿದ ಹೆಣ್ಣು ಹೂವಿನ ನಡುವಿಗೆ ಮೆಲ್ಲನೆ ಒತ್ತುವುದು. ಒಂದು ಸಂಜೆ ಹಿಂದೆ ಯಾರೋ ನಿಂತ ಹಾಗಾಯಿತು. ಚನ್ನಪ್ಪ.

“ಏನ್ ಮಾಡ್ತಿದ್ದೀಯಮ್ಮಿ?”

ಬದುವಿನ ಮೇಲೆ ಯಾರೂ ಕಾಲಿಡಬಾರದು ಎಂಬ ಕರಾರನ್ನು ನೆನಪಿಸೋಣವೆಂದುಕೊಂಡೆ. ಅವರು ಬದುವಿನ ಆಚೆಯೇ, ಒಂದಿಂಚೂ ಮುಂದೆ ಬಾರದೆ ನಿಂತಿದ್ದರು. ಅದನ್ನು ನೋಡಿ ಸಿಟ್ಟು ಅರ್ಧ ಇಳಿಯಿತು. ಎಲ್ಲವನ್ನೂ ಹೇಳಿದೆ. ಅವರು ಚಪ್ಪಲಿ ಬಿಟ್ಟು, “ಬರ್ಲಾ?” ಎಂದು ಕೇಳಿ, ಬದು ಹತ್ತಿದರು. ನೇಗಿಲು ಹಿಡಿದು ಒರಟಾದ ಬೆರಳು. ಆದರೆ ಹೂವು ಹಿಡಿದ ರೀತಿ ನೋಡಿದರೆ ಎಳೆಗರುವಿನ ಕಿವಿ ಹಿಡಿದ ಹಾಗೆ. ಒಂದೊಂದು ಹೂವಿಗೂ ಒತ್ತುತ್ತಾ ಹೋದರು. ಸಾಲಿನ ಕೊನೆಯಲ್ಲಿ ನಿಂತು ಕೇಳಿದರು:

“ಅಂಗಾರೆ... ಎಣ್ಣು ಬಳ್ಳಿ ಸರ್ಯಾಗೇ ಇತ್ತಾ?”

“ಸರ್ಯಾಗೇ ಇತ್ತು.”

ಕೈಯಲ್ಲಿದ್ದ ಹೂವನ್ನು ಎಸೆಯದೆ ಕಿವಿಗೆ ಸಿಕ್ಕಿಸಿಕೊಂಡು ಮನೆಗೆ ನಡೆದರು. ಆ ಮಳೆಗಾಲ ಮುಗಿಯುವವರೆಗೂ ಸಂಜೆಯ ಹೊತ್ತು ಅವರು ಬದುವಿಗೆ ಬರುವುದು ತಪ್ಪಲಿಲ್ಲ.

ಹೀಚು ಉದುರುವುದು ನಿಂತಿತು. ಹಳದಿಯಾಗುತ್ತಿದ್ದುದು ಹಸಿರಾಗಿ ಉಬ್ಬಿತು. ಗೌರಿ ಹಬ್ಬದ ಹೊತ್ತಿಗೆ ಚಪ್ಪರದ ಕೆಳಗೆ ತಲೆ ಬಗ್ಗಿಸಿ ನಡೆಯಬೇಕಾಯಿತು. ಹೂವಿನ ಕಾಲ ಮುಗಿಯುವ ಮೊದಲು ಗಂಡು ಬಳ್ಳಿಯ ಬುಡಕ್ಕೆ ಕೆಂಪು ಚಿಂದಿ ಕಟ್ಟಿದೆ. ನೀವೂ ಬೆಳೆಯುವುದಾದರೆ ಹಾಗೇ ಮಾಡಿ. ಬಳ್ಳಿ ಒಣಗಿದ ಮೇಲೆ ಗೆಡ್ಡೆ ನೋಡಿ ಗಂಡು ಹೆಣ್ಣು ಹೇಳಲು ಯಾರಿಂದಲೂ ಆಗುವುದಿಲ್ಲ. ಯಶವಂತಪುರದ ಸಂತೆಗೆ ಮಂಕರಿ ಒಯ್ದಾಗ ಬೀಬಿಯೊಬ್ಬರು ಕಾಯಿ ಹಿಡಿದು, “ಕ್ಯಾ ಅಮ್ಮಾ, ಇದ್ಕೆ ಮೈತುಂಬ ಮುಳ್ಳು, ರೇಟ್ ಮಾತ್ರ ಮಖ್ಮಲ್ದು!” ಎಂದರು. “ಮುಳ್ಳಿಗೆ ದುಡ್ಡಿಲ್ಲ ಬೀಬಿ, ಒಳಗಿಂದಕ್ಕೆ ಮಾತ್ರ ಕೊಡಿ” ಎಂದೆ. ನಕ್ಕು ಸೆರಗು ತುಂಬ ಒಯ್ದರು.

ಗೆದ್ದೆ ಎಂದುಕೊಂಡಿದ್ದೆ. ಇಲ್ಲೇ ಇನ್ನೊಂದು ಬುದ್ಧಿಮಾತು: ಕರಾರು ಮಾಡಿಕೊಂಡರೆ ಸಾಲದು, ಎದುರಿನವನು ಸೋತಾಗ ಏನು ಮಾಡುತ್ತಾನೆ ಎಂದೂ ಯೋಚಿಸಿಟ್ಟುಕೊಳ್ಳಬೇಕು. ದಸರಾ ಮುಗಿದ ಮೇಲೆ ಭಾವ ಊರಿನ ಹಿರಿಯರಾದ ಪಿಳ್ಳಣ್ಣ ತಾತನನ್ನು ಕರೆಸಿ ಜಗುಲಿಯ ಮೇಲೆ ಕೂರಿಸಿದರು. ನಾನು ಬಾಗಿಲ ಒಳಗೆ, ಅತ್ತೆ ನಡುವೆ, ಚನ್ನಪ್ಪ ಅದೇ ಕಂಬದ ಹತ್ತಿರ.

“ಬಳ್ಳಿ ಬ್ಯಾರೆ, ಎಂಗ್ಸು ಬ್ಯಾರೆ” ಎಂದರು ಭಾವ. “ಕಾಯಿ ಬಂತು, ಸಂತೋಸ. ಮನೆಗೆ ದೀಪ ಬ್ಯಾಡ್ವಾ? ರತ್ನನ್ನ ತರೋದೇ ಸೈ. ಏಳಮ್ಮ ಒಳಕ್ಕೆ.”

ಅತ್ತೆ ಬಾಯಿ ತೆರೆಯುವ ಮೊದಲೇ ನಾನು ಹೊಸ್ತಿಲು ದಾಟಿದೆ. ಮದುವೆಯಾಗಿ ಬಂದ ಮೇಲೆ ಭಾವ ನನ್ನ ಮುಖವನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು. ಅವರೇ ಗಾಬರಿಯಾಗಿ ಹಿಂದಕ್ಕೆ ಸರಿದರು.

“ಬಳ್ಳಿ ಬೇರೆ ಎಂಗ್ಸು ಬೇರೆ ಅನ್ನೋದು ಎರಡು ವರ್ಷದಿಂದ ಎಲ್ಲೋಗಿತ್ತು ಭಾವ? ಕಾಯಿ ಉದುರ್ದಾಗ ಎರಡೂ ಒಂದೇ ಆಗಿತ್ತು, ಕಚ್ದಾಗ ಬೇರೆ ಆಯ್ತಾ?”

“ಏಯ್, ಒಳಕ್ ನಡೀ!” ಎಂದರು ಅತ್ತೆ.

“ತಾತ, ನೀವೇ ಕೇಳಿ. ಬಂಜೆ ಅಂತ ನಮ್ ಭಾವ ಕಿತ್ತಾಕಿದ್ರಲ್ಲ, ಅವು ಎಣ್ಣಲ್ಲ, ಗಂಡು. ಅವಿಲ್ದೆ ಎಣ್ಣು ಬಳ್ಳಿ ಕಚ್ಲಿಲ್ಲ. ತಪ್ಪು ಎಣ್ಣಿಂದು ಅಂದ್ರು. ತಿಪ್ಪೇಲಿರೋ ಒಂದ್ ಗಂಡು ಬಳ್ಳಿ ತಂದು ಮುಟ್ಟಿಸ್ದೆ, ಅದೇ ಬಳ್ಳಿ ಒರೆ ಒರೆ ಬಿಡ್ತು. ಓಗಿ ನೋಡ್ಕೊಂಬನ್ನಿ.”

ಪಿಳ್ಳಣ್ಣ ತಾತ ಬೊಚ್ಚುಬಾಯಲ್ಲಿ ನಗತೊಡಗಿದರು. “ಏನೋ ಮುನಿಶಾಮಿ, ಗಂಡುಗಳನ್ನೇ ಇಡ್ದು ಬಂಜೆ ಅಂದ್ಯೇನ್ಲಾ?”

ಭಾವನ ಮುಖ ಕೆಂಪಾಯಿತು. “ಅದ್ಸರಿ ತಾತ. ಬದೂನಾಗೆ ಗಂಡಿರ್ಲಿಲ್ಲ, ಕಾಯಿಲ್ಲ. ಇವಳ್ ಪಕ್ದಾಗೆ ಗಂಡವ್ನಲ್ಲ? ಇವಳ್ಗೇನ್ ರೋಗ? ಯೋಳ್ಲಿ ಈಗ!”

ಅದಕ್ಕೆ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ನಿಮಗೂ ಹೊಳೆದಿರುತ್ತದೆ. ಆಡಿದ್ದರೆ ಆ ಕ್ಷಣಕ್ಕೆ ನಾನು ಗೆಲ್ಲುತ್ತಿದ್ದೆ. ಆದರೆ ಆ ಮಾತು ಬೀಳುವುದು ಭಾವನ ಮೇಲಲ್ಲ, ಕಂಬದ ಹತ್ತಿರ ತಲೆ ತಗ್ಗಿಸಿ ನಿಂತವರ ಮೇಲೆ. ದಿನಾ ಸಂಜೆ ಚಪ್ಪಲಿ ಬಿಟ್ಟು, ಕೇಳಿ, ಬದು ಹತ್ತುತ್ತಿದ್ದವರ ಮೇಲೆ. ಊರೆಲ್ಲ ನನಗೆ ಕಟ್ಟಿದ್ದ ಹೆಸರನ್ನು ಬಿಚ್ಚಿ ಅವರಿಗೆ ಕಟ್ಟುವುದೇ? ಜೀವಮಾನದಲ್ಲಿ ಗೆಲ್ಲುವ ಮಾತನ್ನು ಬಾಯಲ್ಲಿಟ್ಟುಕೊಂಡು ನುಂಗಿದ್ದು ಅದೊಂದೇ ಸಲ. ಸೀರೆಯ ಸೆರಗು ಬಿಗಿಹಿಡಿದು ಸುಮ್ಮನೆ ನಿಂತೆ. ಗಂಟು ಕಟ್ಟಲು ಎಷ್ಟು ಹೊತ್ತು ಬೇಕಾದೀತು ಎಂದೂ ಯೋಚಿಸಿದೆ.

ಆಗ ಕಂಬದ ಕಡೆಯಿಂದ ದನಿ ಬಂತು.

“ಅಣ್ಣ, ಎಣ್ಣು ಬಳ್ಳಿ ಸರ್ಯಾಗೇ ಇತ್ತು.”

ಎಲ್ಲರೂ ತಿರುಗಿದರು. ಚನ್ನಪ್ಪ ತಲೆ ಎತ್ತಿದ್ದರು.

“ಇಷ್ಟು ವರ್ಸ ಅವಳ್ನೊಬ್ಳನ್ನೇ ಕೇಳಿದ್ರಿ. ನನ್ನ ಯಾರೂ ಕೇಳ್ಲಿಲ್ಲ. ನೋಡೋದಾದ್ರೆ ಮೊದ್ಲು ನನ್ನ ದೊಡ್ಡಾಸ್ಪತ್ರೆಗೆ ಕರ್ಕೊಂಡೋಗಿ ನೋಡ್ಸು. ಅದಾಗೋ ಗಂಟ ರತ್ನನ ಎಸ್ರು ಈ ಜಗುಲಿ ಮ್ಯಾಲೆ ಬರ್ಬಾರ್ದು. ಬಂದ್ರೆ, ಇವಳ ಜೊತೆ ಗಂಟು ಕಟ್ಟೋನು ನಾನೇ.”

ಪಿಳ್ಳಣ್ಣ ತಾತ ಕೋಲು ಊರಿ ಎದ್ದರು. “ಮುಗೀತು ಕನ ಮುನಿಶಾಮಿ, ನ್ಯಾಯ. ಆ ಕಾಯಿ ಒಂದ್ ಸೇರು ನಮ್ಮನೇಗೂ ಕಳ್ಸು” ಎಂದು ಹೊರಟೇಬಿಟ್ಟರು. ಆ ಕಾಯಿ ನಾನೇ ಕೊಟ್ಟುಬಂದೆ, ಪುಕ್ಕಟೆಯಾಗಿ. ನನ್ನ ವ್ಯಾಪಾರದಲ್ಲಿ ಪುಕ್ಕಟೆ ಎಂಬುದು ಬಹಳ ಅಪರೂಪ.

ರತ್ನ ಓದಿ, ತನಗೆ ಒಪ್ಪಿದವನನ್ನು ಮದುವೆಯಾದಳು. ಅಕ್ಕನ ಸವತಿಯಾಗಬೇಕಿದ್ದವಳ ಮೊಮ್ಮಗಳೇ ಈಗ ನನಗೆ ಬಿಗೋನಿಯಾದ ಸುದ್ದಿ ಹೇಳುವವಳು. ಆಸ್ಪತ್ರೆಗೆ ಹೋದೆವಾ, ನನಗೆ ಮಕ್ಕಳಾದವಾ ಎಂದು ಇಂದಿಗೂ ಕೇಳುವವರಿದ್ದಾರೆ. ಅದು ನನ್ನದು ಮತ್ತು ಚನ್ನಪ್ಪನವರದು. ಅವತ್ತು ಜಗುಲಿಯಲ್ಲಿ ಕೊಡದ ಲೆಕ್ಕವನ್ನು ಇವತ್ತು ಯಾರಿಗೂ ಕೊಡುವುದಿಲ್ಲ. ಸೆಕ್ಯುರಿಟಿಯವನು ಆ ಬಳ್ಳಿಯನ್ನು ಉಳಿಸಿದನೋ ಇಲ್ಲವೋ, ಅದೂ ತಿಳಿಯದು. ಬಳ್ಳಿಯನ್ನಷ್ಟೇ ಎಳೆದಿದ್ದರೆ ಗೆಡ್ಡೆ ಇನ್ನೂ ಆ ಗೋಡೆಯ ಕೆಳಗಿರುತ್ತದೆ.

ಒಂದು ಮಾತು ಉಳಿಯಿತು. ಮಾರನೆಯ ಬೇಸಿಗೆಯಲ್ಲಿ ದೇವನಹಳ್ಳಿಯಿಂದ ಭಾವನ ಮಗಳು ಹೇಳಿಕಳಿಸಿದ್ದಳು, ಚಿಕ್ಕಮ್ಮನ ಹತ್ತಿರ ಮಾಡಹಾಗಲದ ಗೆಡ್ಡೆ ಇಸ್ಕೊಂಡು ಬಾ, ಗಂಡೂ ಇರಲಿ ಹೆಣ್ಣೂ ಇರಲಿ ಎಂದು. ಭಾವ ಜಗುಲಿಗೆ ಬಂದು ಕೂತರು. ಕೆಮ್ಮಿದರು. ನಾನು ಒಳಗೆ ರಾಗಿ ಬೀಸುತ್ತಿದ್ದೆ.

“ಅಮ್ಮಾ, ಒಳಗಿರೋಳ್ಗೆ ಏಳು...”

“ನನ್ ಗಂಟ್ಲು ಕಟ್ಟದೆ ಕನಪ್ಪ” ಎಂದರು ಅತ್ತೆ, ಎಲೆಯಡಿಕೆ ಜಗಿಯುತ್ತಾ. “ಬೇಕಾದೋನು ನೀನು. ನೀನೇ ಕೇಳು.”

ಬೀಸುವ ಕಲ್ಲನ್ನು ನಿಲ್ಲಿಸಿದೆ. ಆಮೇಲೆ, ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡವರ ಹಾಗೆ, ಭಾವ ಮೊದಲ ಬಾರಿಗೆ ನನ್ನ ಹೆಸರು ಹಿಡಿದರು.

“ಲಕ್ಷ್ಮಮ್ಮಾ...”

ನಾನು ಏಳಲಿಲ್ಲ. ಮೊದಲ ಕೂಗಿಗೆ ಎದ್ದು ಹೋಗುವವರು ವ್ಯಾಪಾರ ಕೆಡಿಸಿಕೊಳ್ಳುತ್ತಾರೆ. ಇನ್ನೊಮ್ಮೆ ಕರೆಯಲಿ ಎಂದು ಅಲ್ಲೇ ಕೂತೆ.

ಕರೆದರು.